ಹದಿನಾಲ್ಕು ದಾಟಿದ ಮಕ್ಕಳು
(ನಂಜನಗೂಡಿನ ಸಭೆಯೊಂದರಲ್ಲಿ ಆಡಿದ ಮಾತು)



ಸರ್ಕಾರವನ್ನು ಬೈಯುವುದಕ್ಕೆ ಮುಂಚೆ ಇವೊತ್ತು ನಮ್ಮನ್ನು ನಾವೇ ಒಂದು ಮಾತು ಕೇಳಿಕೊಳ್ಳೋಣ. ನಂಜನಗೂಡಿನ ರಥಬೀದಿಯಲ್ಲಾಗಲಿ, ಟಿ. ನರಸೀಪುರದ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ರಾತ್ರಿ ಹತ್ತಕ್ಕೆ ಅಂಗಡಿಯ ಬಾಗಿಲು ಎಳೆಯುವ ಕೈ ಎಷ್ಟೋ ಕಡೆ ಮೀಸೆ ಚಿಗುರದ ಹುಡುಗನದು. ಅವನ ಅಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಅಂಗಡಿಯ ಯಜಮಾನರೂ ನಮ್ಮವರೇ. ಇಬ್ಬರೂ ಈ ಸಭೆಯಲ್ಲಿದ್ದೀರಿ. ನಾವೆಲ್ಲ ಆ ವಯಸ್ಸಿನಲ್ಲಿ ಕಪಿಲೆಯಲ್ಲಿ ಈಜಿದವರು. ಅವನಿಗೆ ಹೊಳೆ ನೋಡುವುದಕ್ಕೂ ಹಗಲು ಸಿಗುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಗುವಿನ ಕೈ ಹಿಡಿಯಿತು. ಅಲ್ಲಿಗೆ ಬಿಟ್ಟಿತು. ಬಿಸಿಯೂಟ ಹತ್ತನೇ ತರಗತಿಗೆ ನಿಲ್ಲುತ್ತದೆ. ಹದಿನಾರರ ಹೊಟ್ಟೆ ಹತ್ತು ವರ್ಷದ ಹೊಟ್ಟೆಗಿಂತ ಹೆಚ್ಚು ಕೇಳುತ್ತದೆಂಬುದು ನಮ್ಮ ಮನೆಯ ಹೆಂಗಸರಿಗೆ ಗೊತ್ತು, ಯೋಜನೆ ಬರೆಯುವವರಿಗೆ ಗೊತ್ತಿಲ್ಲ. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು, ಒಳ್ಳೆಯದಾಯಿತು.

“ಅಯ್ಯೋ ಪಾಪ ಅಂತ ಕೆಲಸ ಕೊಟ್ಟಿದ್ದೀವಿ” ಎನ್ನುತ್ತಾರೆ ಅಂಗಡಿಯವರು. “ಮನೆ ನಡೆಯಬೇಕಲ್ಲ ಸ್ವಾಮಿ” ಎನ್ನುತ್ತಾನೆ ತಂದೆ. ತಂದೆಯ ಮಾತು ಸುಳ್ಳಲ್ಲ. ಅವನ ಸಂಬಳದಲ್ಲಿ ಬಿದ್ದ ತೂತಿಗೆ ಮಗನ ಕೂಲಿ ತೇಪೆಯಾಗಿದೆ. ಆದ್ದರಿಂದಲೇ ಗುತ್ತಿಗೆ ಕಾರ್ಮಿಕರ ಕನಿಷ್ಠ ವೇತನದ ಬೇಡಿಕೆಯೂ ಮಕ್ಕಳ ಬೇಡಿಕೆಯೇ ಎಂದು ನಾವು ಹೇಳುತ್ತೇವೆ.

ಅಂಗಡಿಯವರಿಗೆ ಕಾಯಿದೆಯನ್ನೇ ತಿಳಿಸುತ್ತೇವೆ. 1986ರ ಬಾಲಕಾರ್ಮಿಕ ಕಾಯಿದೆ 2016ರಲ್ಲಿ ತಿದ್ದುಪಡಿಯಾಯಿತು. 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತೆಯೇ ಇಲ್ಲ. ಉಳಿದ ಕೆಲಸವಾದರೆ, ಮೂರು ಗಂಟೆ ದುಡಿದ ಮೇಲೆ ಒಂದು ಗಂಟೆ ವಿರಾಮ, ವಿರಾಮವೂ ಸೇರಿ ದಿನಕ್ಕೆ 6 ಗಂಟೆ, ವಾರಕ್ಕೊಂದು ರಜ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಇಲ್ಲ. ಹೆಚ್ಚು ಹೊತ್ತು ನಿಲ್ಲಿಸಿಕೊಂಡು ಹೆಚ್ಚು ಕಾಸು ಕೊಡುತ್ತೇನೆಂದರೂ ಆಗದು.

ಹೆಣ್ಣುಮಗುವಿನ ಮಾತು ಬೇರೆ. ಅವಳನ್ನು ಶಾಲೆ ಬಿಡಿಸಿದರೆ ಅಂಗಡಿಗಲ್ಲ, ಹಸೆಮಣೆಗೆ. ಹದಿನೆಂಟು ತುಂಬದವಳ ಮದುವೆ ಕರ್ನಾಟಕದಲ್ಲಿ ಈಗ ಮೊದಲಿಂದಲೇ ಅಸಿಂಧು. ಮಾಡಿಸಿದವರಿಗೆ 2 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಅಂಥ ಮದುವೆಯ ಸುದ್ದಿ ಕಿವಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ.

ಇನ್ನೊಂದು. ಮಗ ಮಾತು ಬಿಟ್ಟ, ಊಟ ಬಿಟ್ಟ, ಮೊಬೈಲ್ ಹಿಡಿದು ಮೂಲೆ ಸೇರಿದ ಎಂದರೆ ಮೊದಲು ಹೊಡೆಯುತ್ತೇವೆ, ಆಮೇಲೆ ತಾಯತ ಕಟ್ಟಿಸುತ್ತೇವೆ. 10ರಿಂದ 19 ವರ್ಷದವರಿಗೆಂದೇ 2014ರಲ್ಲಿ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮ ಬಂತು. ಅದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ತೆರೆದರು. ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಬಾಗಿಲು ಮುಚ್ಚಿದ್ದರೆ ನಮಗೆ ತಿಳಿಸಿ, ತೆರೆಸೋಣ.

ಈಗ ಅಂಗಡಿಯವರಿಂದ ಒಂದು ಒಪ್ಪಿಗೆ ಬೇಕು: ಸಂಜೆ ಏಳಕ್ಕೆ ಹುಡುಗ ಮನೆಗೆ. ದೊಡ್ಡ ಜಾತ್ರೆಯ ವಾರ ಮಾತ್ರ ಬಿಟ್ಟುಕೊಡಿ ಎಂದು ಕೆಲವರು ಕೇಳಿದ್ದೀರಿ. ಕಾಯಿದೆಯಲ್ಲಿ ಜಾತ್ರೆಗೆ ವಿನಾಯಿತಿಯಿಲ್ಲ. ಆ ವಾರ ಗಲ್ಲಾದ ಮುಂದೆಯೂ ಹಿಂದೆಯೂ ನಾವೇ ನಿಲ್ಲೋಣ.