ಕಲಿಸುವವರೂ ಕಲಿಯಬೇಕು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಎಂ.ಬಿ.ಎ. ಮುಗಿಸಿ ‘ಹೆಚ್.ಆರ್.’ ಆಗುತ್ತೇನೆ ಎನ್ನುವ ಮಕ್ಕಳು ನಮ್ಮ ಹೊಸಮನೆಯಲ್ಲಿ ಈಗ ಬೀದಿಗೊಬ್ಬರಂತೆ ಸಿಗುತ್ತಾರೆ. ಸಂತೋಷ. ಆದರೆ ಒಮ್ಮೆ ಆ ಕುರ್ಚಿಯಲ್ಲಿ ಕೂತರೆ ನಿವೃತ್ತಿಯವರೆಗೂ ಚಿಂತೆಯಿಲ್ಲ ಎಂದು ಅವರು ತಿಳಿದಿದ್ದರೆ, ಅದನ್ನು ಇಂದೇ ಬಿಡಿಸುವುದು ನನ್ನ ಕರ್ತವ್ಯ.

ಭದ್ರಾವತಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು; ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕೂತರು; ಅದೇ ವರ್ಷ ಮತ್ತೆ ಸ್ವಲ್ಪ ಕೆಲಸ ಶುರುವಾಯಿತು. ಇಂಥ ಹೊತ್ತಿನಲ್ಲಿ ನಾವು ಕಾರ್ಮಿಕರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಅವರಿಗೆ ನೋಟೀಸು ಟೈಪು ಮಾಡಿಸಿ ಸಹಿ ಹಾಕುವ ಸಿಬ್ಬಂದಿ ಅಧಿಕಾರಿಯ ಗತಿ ಏನೆಂದು ಯಾರೂ ಕೇಳುವುದಿಲ್ಲ.

ನಾನು ಅಂಥ ಒಬ್ಬ. ಬೇರೊಂದು ಊರಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಹಾಜರಿ, ರಜೆ, ಪಿ.ಎಫ್. ಎಲ್ಲವನ್ನೂ ನೋಡಿಕೊಂಡೆ. ನೂರಾರು ಜನರನ್ನು ತರಬೇತಿಗೆ ಕಳಿಸುವ ಪಟ್ಟಿಗೆ ಸಹಿ ಹಾಕಿದೆ. ಆ ಪಟ್ಟಿಯಲ್ಲಿ ನನ್ನ ಹೆಸರು ಒಂದು ಸಲವೂ ಇರಲಿಲ್ಲ. ಯಾರೂ ತಡೆದಿರಲಿಲ್ಲ, ನಾನೇ ಬರೆದಿರಲಿಲ್ಲ. ಕೆಲಸ ಹೋದ ಮೇಲೆ ಬೆಂಗಳೂರಿನಲ್ಲಿ ಒಂದು ಸಂದರ್ಶನ. ನನ್ನ ಮಗಳ ವಯಸ್ಸಿನ ಹುಡುಗಿ ಕೇಳಿದಳು: “ಸರ್, ಯು.ಎ.ಎನ್.ಗೆ ಆಧಾರ್ ಜೋಡಿಸೋದು ಹೇಗೆ ಹೇಳಿ.” ಆ ಸಂಖ್ಯೆ 2014ರಲ್ಲೇ ಬಂದಿತ್ತು. ನಮ್ಮಲ್ಲಿ ಅದನ್ನೆಲ್ಲ ಕಂಪ್ಯೂಟರ್ ಹುಡುಗ ಮಾಡುತ್ತಿದ್ದ. ನಾನು ನೀರು ಕುಡಿದು ಎದ್ದು ಬಂದೆ.

ಈ ಹುದ್ದೆ ನಿಂತಿರುವುದೇ ಕಾನೂನಿನ ಮೇಲೆ. 500 ಕಾರ್ಮಿಕರಿದ್ದಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. 1975ರ ಸುಮಾರಿಗೆ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರು ಎಲ್ ಅಂಡ್ ಟಿ ಕಂಪನಿಗೆ ಮಾನವ ಸಂಪನ್ಮೂಲ ಅಭಿವೃದ್ಧಿ ವಿಭಾಗದ ರೂಪರೇಷೆ ಮಾಡಿಕೊಟ್ಟ ಮೇಲೆ, ನೌಕರನ ಬೆಳವಣಿಗೆಯೂ ಈ ವಿಭಾಗದ ಹೊಣೆಯಾಯಿತು. 2025ರ ನವೆಂಬರ್ 21ರಂದು 29 ಕಾರ್ಮಿಕ ಕಾನೂನುಗಳ ಜಾಗಕ್ಕೆ 4 ಸಂಹಿತೆಗಳು ಜಾರಿಗೆ ಬಂದವು. ಕೆಲಸ ಬಿಟ್ಟವನ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ನಿಗದಿತ ಅವಧಿಗೆ ಸೇರಿದವನಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವೂ ವೇತನವೇ. ಹಳೆಯ ಪುಸ್ತಕ ಓದಿ ಪಾಸಾದವರು, ಕಳೆದ ವರ್ಷದವರೂ ಸೇರಿ, ಮತ್ತೆ ಓದಲೇಬೇಕು.

ಈ ಸಂಹಿತೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ. ಕೆಲಸ ಕಳೆದುಕೊಂಡ ಕಾರ್ಮಿಕನ ಮರುತರಬೇತಿಗೆಂದು ಮಾಲೀಕ 15 ದಿನಗಳ ವೇತನವನ್ನು ನಿಧಿಗೆ ಕಟ್ಟಬೇಕು. ಅದು ಕಾರ್ಮಿಕನ ಖಾತೆಗೆ ಹೋಗುತ್ತದೆ. ಒಳ್ಳೆಯದು. ಆದರೆ ಆಡಳಿತ, ವ್ಯವಸ್ಥಾಪಕ ಹುದ್ದೆಯಲ್ಲಿರುವವನು ಈ ಕಾನೂನಿನ ಕಣ್ಣಿನಲ್ಲಿ ‘ಕಾರ್ಮಿಕ’ನೇ ಅಲ್ಲ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಹಾಗೆಯೇ ಇತ್ತು. ಎಲ್ಲರ ಪರಿಹಾರದ ಲೆಕ್ಕ ಹಾಕುವ ಹೆಚ್.ಆರ್. ಮ್ಯಾನೇಜರಿಗೆ ಆ ಪರಿಹಾರವೂ ಇಲ್ಲ, ಈ ನಿಧಿಯೂ ಇಲ್ಲ. ನೇಮಕಾತಿ ಪತ್ರದಲ್ಲಿ ಬರೆದಷ್ಟೇ ಸಿಗುವುದು. ಅದಕ್ಕೇ ಅವನ ಕಲಿಕೆಯ ಖರ್ಚನ್ನೂ ಹೊತ್ತನ್ನೂ ಅವನೇ ಎತ್ತಿಡಬೇಕು.

ಹಣವಿಲ್ಲ ಎನ್ನಬೇಡಿ, 2017ರಲ್ಲಿ ಶುರುವಾದ ‘ಸ್ವಯಂ’ನಲ್ಲಿ ಪಾಠ ಕೇಳಲು ಶುಲ್ಕವಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಉಂಟು. ಒಂದು ಸಣ್ಣ ಕಾರ್ಖಾನೆಯ ಸಂಬಳದ ಪಟ್ಟಿಯನ್ನು ಪಿ.ಎಫ್., ಇ.ಎಸ್.ಐ. ಸಮೇತ ಕೈಯಾರೆ ಮಾಡಿ ನೋಡಿ. ಇ.ಎಸ್.ಐ. ಪಾಲು 2019ರ ಜುಲೈಯಲ್ಲಿ ನೌಕರನಿಗೆ ಶೇ. 0.75, ಮಾಲೀಕನಿಗೆ ಶೇ. 3.25 ಆಯಿತು, ಹಳೆಯ ನೋಟ್ಸ್‌ನಲ್ಲಿ ಈಗಲೂ 1.75 ಎಂದೇ ಇರುತ್ತದೆ.

ನನಗೆ ಆಮೇಲೆ ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಆ ಯು.ಎ.ಎನ್. ಪ್ರಶ್ನೆಯನ್ನು ಈಗ ನಾನೇ ಸಂದರ್ಶನದಲ್ಲಿ ಕೇಳುತ್ತೇನೆ. ನಾಲ್ಕೂ ಸಂಹಿತೆಗಳ ಪ್ರತಿ ನನ್ನ ಬಳಿ ಇವೆ. ಭಾನುವಾರ ಬೆಳಿಗ್ಗೆ ಸಂಘದ ಕೊಠಡಿ ಖಾಲಿ ಇರುತ್ತದೆಂದು ಕಾರ್ಯದರ್ಶಿಯವರು ಹೇಳಿದ್ದಾರೆ. ವೇತನ ಸಂಹಿತೆಯಿಂದ ಶುರು ಮಾಡೋಣ. ಬರುವಾಗ ಒಂದು ನೋಟ್‌ಬುಕ್ ತನ್ನಿ.