ನೌಕರಿಯಲ್ಲಿ ನೆಲೆಯೂ ನೆಮ್ಮದಿಯೂ

ಒಬ್ಬ ತರುಣನಿಗೆ ಹೊಸದಾಗಿ ಕೆಲಸ ದೊರೆಯಿತೆಂದು ತಿಳಿದರೆ ನಮ್ಮ ಮನೆಗಳಲ್ಲಿ ಮೊದಲು ಹುಟ್ಟುವ ಪ್ರಶ್ನೆ, ಸಂಬಳವೆಷ್ಟು ಎಂಬುದು. ಎರಡನೆಯದು, ಕೆಲಸ ಕಾಯಮ್ಮಾದದ್ದೇ ಎಂಬುದು. ಆ ಕೆಲಸ ಅವನ ಮನಸ್ಸಿಗೆ ಹಿಡಿಸಿದೆಯೇ ಎಂದು ಕೇಳುವವರು ವಿರಳ. ಕೇಳಿದರೂ ಅದು ಹೊಟ್ಟೆ ತುಂಬಿದವರ ಮಾತೆಂದು ಹಿರಿಯರು ನಕ್ಕುಬಿಡುವರು. ಇದರಲ್ಲಿ ಹಿರಿಯರದು ತಪ್ಪೆಂದು ನಾವು ಹೇಳಲಾರೆವು. ಸಾಲವನ್ನೂ ಬರಗಾಲವನ್ನೂ ಕಂಡ ಮನೆಗಳಲ್ಲಿ ನೆಲೆಯೇ ನೆಮ್ಮದಿ. ಆದರೆ ನೆಲೆ ಸಿಕ್ಕಿದ ಮೇಲೆ ಮನುಷ್ಯನು ದಿನಕ್ಕೆ ಎಂಟೋ ಹತ್ತೋ ಗಂಟೆಗಳನ್ನು ಅಲ್ಲಿ ಕಳೆಯಬೇಕಷ್ಟೆ. ಎಚ್ಚರವಾಗಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಆಗುತ್ತದೆ. ಒಂದೇ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕುಳಿತವನು ಇಪ್ಪತ್ತು ವರ್ಷವೂ ತೃಪ್ತನಾಗಿದ್ದನೆಂದು ಎಣಿಸುವುದು ಸರಿಯಲ್ಲ. ನಿಲ್ಲುವುದು ಬೇರೆ, ನೆಮ್ಮದಿಯಿಂದಿರುವುದು ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸಿ ಯಜಮಾನರು ಹಾಕುವ ಲೆಕ್ಕ ಹೇಗೆ ತಪ್ಪುತ್ತದೆಂಬುದನ್ನು ಈ ದಿನ ಸ್ವಲ್ಪ ವಿಚಾರ ಮಾಡೋಣ.

ಕೆಲಸಗಾರರನ್ನು ನಿಲ್ಲಿಸಿಕೊಳ್ಳುವ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಎದ್ದದ್ದು ಯಂತ್ರಯುಗದ ಕಾರ್ಖಾನೆಗಳಲ್ಲಿ. ಅಮೆರಿಕದ ಡೆಟ್ರಾಯಿಟ್ ನಗರದ ಬಳಿ ಹೆನ್ರಿ ಫೋರ್ಡರ ಮೋಟಾರು ಕಾರ್ಖಾನೆಯಿತ್ತು. 1913ರಲ್ಲಿ ಅಲ್ಲಿ ಒಂದು ಹೊಸ ಏರ್ಪಾಡು ಬಂತು. ಕೆಲಸಗಾರನು ಗಾಡಿಯ ಬಳಿಗೆ ಹೋಗುವುದಕ್ಕೆ ಬದಲಾಗಿ ಗಾಡಿಯೇ ಸಾಲಾಗಿ ಚಲಿಸುತ್ತ ಅವನ ಬಳಿಗೆ ಬರತೊಡಗಿತು. ಒಂದು ಗಾಡಿಯ ಚೌಕಟ್ಟನ್ನು ಜೋಡಿಸುವುದಕ್ಕೆ ಹನ್ನೆರಡು ಗಂಟೆಗೂ ಮೇಲ್ಪಟ್ಟು ಹಿಡಿಯುತ್ತಿದ್ದ ಕಾಲ ಮರುವರ್ಷದ ವೇಳೆಗೆ ಸುಮಾರು 93 ನಿಮಿಷಕ್ಕೆ ಇಳಿಯಿತು. ಯಂತ್ರಶಾಸ್ತ್ರದ ದೃಷ್ಟಿಯಿಂದ ಇದು ಅದ್ಭುತವೇ ಸರಿ. ಆದರೆ ಮನುಷ್ಯರು ಆ ಸಾಲಿನ ಮುಂದೆ ನಿಲ್ಲಲೊಲ್ಲದೆ ಹೋದರು. ಒಬ್ಬನು ದಿನವೆಲ್ಲ ಒಂದೇ ತಿರುಪನ್ನು ಬಿಗಿಯಬೇಕು. ಅವನ ಕೈಯ ವೇಗವನ್ನು ಗೊತ್ತುಮಾಡುವುದು ಅವನಲ್ಲ, ಎದುರಿಗಿರುವ ಸರಪಳಿ. 1913ರಲ್ಲಿ ಆ ಕಾರ್ಖಾನೆಯ ಪ್ರತಿ ನೂರು ಜಾಗಕ್ಕೆ 370ರಂತೆ ಜನ ಬಂದು ಬಿಟ್ಟು ಹೋದರು. ಒಂದು ಜಾಗದಲ್ಲಿ ವರ್ಷಕ್ಕೆ ನಾಲ್ಕು ಮುಖಗಳು ಬದಲಾದಂತೆ!

ಇದಕ್ಕೆ ಫೋರ್ಡರು ಕಂಡುಕೊಂಡ ಪರಿಹಾರ ಲೋಕಪ್ರಸಿದ್ಧವಾಗಿದೆ. 1914ರ ಜನವರಿ 5ರಂದು ದಿನಗೂಲಿಯನ್ನು ಸುಮಾರು ಎರಡೂಕಾಲು ಡಾಲರಿನಿಂದ ಐದು ಡಾಲರಿಗೆ ಏರಿಸಿ, ಒಂಬತ್ತು ಗಂಟೆಯ ದಿನವನ್ನು ಎಂಟು ಗಂಟೆಗೆ ಇಳಿಸಿರುವುದಾಗಿ ಸಾರಿದರು. ಕಾರ್ಖಾನೆಯ ಬಾಗಿಲಲ್ಲಿ ಜನ ಕಿಕ್ಕಿರಿದರು. ಬಿಟ್ಟು ಹೋಗುವವರ ಪ್ರಮಾಣ 1914ರಲ್ಲಿ ನೂರಕ್ಕೆ 54ಕ್ಕೂ 1915ರಲ್ಲಿ 16ಕ್ಕೂ ಇಳಿಯಿತು. ವೆಚ್ಚವನ್ನು ತಗ್ಗಿಸಲು ತಾವು ಕಂಡುಕೊಂಡ ಒಳ್ಳೆಯ ಉಪಾಯಗಳಲ್ಲಿ ಇದೂ ಒಂದೆಂದು ಅವರೇ ಮುಂದೆ ಬರೆದರು. ಹೊಸಬರನ್ನು ಹುಡುಕಿ ತಂದು, ಕಲಿಸಿ, ಕಲಿತೊಡನೆಯೇ ಕಳೆದುಕೊಳ್ಳುವುದು ಹೆಚ್ಚು ಕೂಲಿ ಕೊಡುವುದಕ್ಕಿಂತ ದುಬಾರಿಯೆಂಬ ವಿಷಯ ಅವರಿಗೆ ತಿಳಿದಿತ್ತು.

ಆದರೆ ಈ ಕಥೆಯಲ್ಲಿ ಜನ ಸಾಮಾನ್ಯವಾಗಿ ಮರೆಯುವ ಒಂದು ಭಾಗವುಂಟು. ಆ ಐದು ಡಾಲರಿನಲ್ಲಿ ಹೆಚ್ಚುಕಡಮೆ ಅರ್ಧ ಕೂಲಿ, ಇನ್ನರ್ಧ ಲಾಭದಲ್ಲಿ ಪಾಲು. ಆ ಪಾಲು ಎಲ್ಲರಿಗೂ ದೊರೆಯುತ್ತಿರಲಿಲ್ಲ. ಸೇರಿ ಆರು ತಿಂಗಳಾಗದವರಿಗೆ ಇಲ್ಲ. ಮೊದಮೊದಲು ಹೆಂಗಸರಿಗೂ ಇಲ್ಲ. ಉಳಿದವರ ಮನೆಗೆ ಕಾರ್ಖಾನೆಯ ಪರಿಶೀಲಕರು ಬಂದು, ಕುಡಿಯುವನೋ, ಹಣ ಉಳಿಸುವನೋ, ಮನೆ ಚೊಕ್ಕಟವಾಗಿದೆಯೋ ಎಂದು ವಿಚಾರಿಸಿ, ಒಪ್ಪಿಗೆಯಾದರೆ ಮಾತ್ರ ಆ ಪಾಲು. ಜನ ನಿಂತರು, ನಿಜ. ಆದರೆ ತಿರುಪು ಅದೇ ತಿರುಪು, ಸರಪಳಿಯೂ ಅದೇ. ಅವರು ನಿಂತದ್ದು ಬೇರೆಲ್ಲಿಯೂ ಅಷ್ಟು ಕೂಲಿ ಹುಟ್ಟದ ಕಾರಣದಿಂದ. ಇದನ್ನು ನಾವು ಹಳಿಯುವುದಿಲ್ಲ. ಎರಡರಷ್ಟು ಕೂಲಿ ಒಂದು ಸಂಸಾರಕ್ಕೆ ಏನೆಂಬುದು ನಮಗೆ ತಿಳಿದೇ ಇದೆ. ಇದನ್ನು ತೃಪ್ತಿಯೆಂದು ಮಾತ್ರ ಕರೆಯಬಾರದು.

ಜೇಮ್ಸ್ ಮಾರ್ಚ್ ಮತ್ತು ಹರ್ಬರ್ಟ್ ಸೈಮನ್ ಎಂಬ ಇಬ್ಬರು ವಿದ್ವಾಂಸರು 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭೇದವನ್ನು ಸ್ಪಷ್ಟವಾಗಿ ತೋರಿಸಿದರು. ಒಬ್ಬನು ಕೆಲಸ ಬಿಡಬೇಕಾದರೆ ಎರಡು ಕೂಡಿಬರಬೇಕು: ಬಿಡಬೇಕೆಂಬ ಮನಸ್ಸು, ಬಿಟ್ಟರೆ ಬೇರೆ ಕಡೆ ಸಿಕ್ಕೀತೆಂಬ ಅನುಕೂಲ. ಮನಸ್ಸಿದ್ದು ಅನುಕೂಲವಿಲ್ಲದವನು ಅಲ್ಲಿಯೇ ಉಳಿಯುವನು. ಹಾಜರಿ ಪುಸ್ತಕದಲ್ಲಿ ಅವನಿಗೂ ಸಂತುಷ್ಟನಿಗೂ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಇದಕ್ಕೆ ನಿದರ್ಶನವಿದೆ. ಇಲ್ಲಿ ಕೇಂದ್ರ ಕಚೇರಿಯುಳ್ಳ ಇನ್ಫೋಸಿಸ್ ಸಂಸ್ಥೆಯು ಪ್ರಕಟಿಸಿದ ಲೆಕ್ಕದಂತೆ, 2022ರ ಜೂನಿಗೆ ಮುಗಿದ ಹನ್ನೆರಡು ತಿಂಗಳಲ್ಲಿ ತಾವಾಗಿಯೇ ಬಿಟ್ಟು ಹೋದವರು ನೂರಕ್ಕೆ 28.4. 2024ರ ಮಾರ್ಚಿ ವೇಳೆಗೆ ಅದು 12.6ಕ್ಕೆ ಇಳಿಯಿತು. ಆ ಉದ್ಯಮದ ಇತರ ದೊಡ್ಡ ಸಂಸ್ಥೆಗಳಲ್ಲಿಯೂ ಇದೇ ಏರಿಳಿತ. ಎರಡು ವರ್ಷಗಳಲ್ಲಿ ಅಷ್ಟೊಂದು ಕಚೇರಿಗಳು ಒಮ್ಮೆಗೇ ಸುಖದ ತಾಣಗಳಾಗಿಬಿಟ್ಟವೆಂದು ನಂಬುವುದು ಕಷ್ಟ. ಸೋಂಕಿನ ಕಾಲದಲ್ಲಿ ಗಣಕಯಂತ್ರದ ಕೆಲಸಕ್ಕೆ ಬಂದಿದ್ದ ಬೇಡಿಕೆ ತಗ್ಗಿತು. ಎದುರು ಮನೆಯ ಬಾಗಿಲು ಮುಚ್ಚಿತು. ಜನ ಕುಳಿತಲ್ಲಿಯೇ ಕುಳಿತರು. ಬೇಡಿಕೆ ಮರಳಿದಾಗ ಯಾರು ಎದ್ದು ಹೋಗುವರೆಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ.

ಹಾಗಾದರೆ ನೆಮ್ಮದಿಯನ್ನು ತರುವುದೇನು? ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಜೊತೆಗಾರರೂ ಪಿಟ್ಸ್‌ಬರ್ಗ್ ಪ್ರಾಂತದ ಸುಮಾರು ಇನ್ನೂರು ಮಂದಿ ಎಂಜಿನಿಯರರನ್ನೂ ಲೆಕ್ಕಿಗರನ್ನೂ ಕಂಡು, ಕೆಲಸದಲ್ಲಿ ತುಂಬ ಸಂತೋಷವಾದ ಸಂದರ್ಭವನ್ನೂ ತುಂಬ ಬೇಸರವಾದ ಸಂದರ್ಭವನ್ನೂ ಹೇಳಿರೆಂದು ಕೇಳಿದರು. ಅವರ ಗ್ರಂಥ 1959ರಲ್ಲಿ ಹೊರಬಂತು. ಸಂತೋಷದ ಪ್ರಸಂಗಗಳಲ್ಲಿ ಬಂದವು ಸಾಧಿಸಿದ ಕಾರ್ಯ, ದೊರೆತ ಮನ್ನಣೆ, ಹೊತ್ತ ಹೊಣೆ. ಬೇಸರದ ಪ್ರಸಂಗಗಳಲ್ಲಿ ಬಂದವು ಸಂಸ್ಥೆಯ ಕಟ್ಟಳೆಗಳು, ಮೇಲಧಿಕಾರಿಯ ನಡತೆ, ಸಂಬಳದ ಅನ್ಯಾಯ. ಬೇಸರದ ಕಾರಣಗಳನ್ನು ತೆಗೆದುಹಾಕಿದರೆ ಬೇಸರ ಹೋಗುವುದೇ ಹೊರತು ಸಂತೋಷ ತಾನಾಗಿ ಹುಟ್ಟದೆಂದು ಅವರು ವಾದಿಸಿದರು. ವಾದ ಸೊಗಸಾಗಿದೆ, ಆದರೆ ಅದಕ್ಕೆ ವಿಕ್ಟರ್ ವ್ರೂಮ್ ಎಂಬುವರು 1964ರಲ್ಲಿ ಎತ್ತಿದ ಆಕ್ಷೇಪವನ್ನೂ ಮರೆಯಬಾರದು. ಮನುಷ್ಯನ ಸ್ವಭಾವವೇ ಹಾಗೆ: ಬೆಳೆ ಚೆನ್ನಾಗಿ ಬಂದರೆ ನಮ್ಮ ಉಳುಮೆ, ಕೆಟ್ಟರೆ ಮಳೆಯ ದೋಷ. ಒಳ್ಳೆಯದನ್ನು ತನಗೂ ಕೆಟ್ಟದ್ದನ್ನು ಸುತ್ತಲಿನವರಿಗೂ ಹಚ್ಚಿ ಹೇಳುವವರ ಮಾತಿನಿಂದ ಇಂಥ ವಿಂಗಡಣೆ ಹುಟ್ಟುವುದು ಆಶ್ಚರ್ಯವಲ್ಲ. ಅಲ್ಲದೆ, ಸಂಬಳದಿಂದ ತೃಪ್ತಿ ಬಾರದೆಂಬ ಮಾತನ್ನು ಸಂಬಳ ಏರಿಸಲೊಲ್ಲದ ಯಜಮಾನರು ಬಹು ಆನಂದದಿಂದ ಉದಾಹರಿಸುವುದನ್ನೂ ಕಂಡಿದ್ದೇವೆ.

ಆದುದರಿಂದ ಜನ ಏನು ಹೇಳಿದರೆಂಬುದಕ್ಕಿಂತ ಏನು ಮಾಡಿದರೆಂಬುದನ್ನು ನೋಡುವುದು ಮೇಲು. ಇದಕ್ಕೆ ಫಿಲಡೆಲ್ಫಿಯಾ ನಗರದ ಬಳಿಯ ಒಂದು ಬಟ್ಟೆ ಗಿರಣಿಯಲ್ಲಿ 1923ರಲ್ಲಿ ನಡೆದ ಪ್ರಸಂಗದಷ್ಟು ಬೋಧಪ್ರದವಾದದ್ದು ನಮಗೆ ಮತ್ತೊಂದು ತಿಳಿಯದು. ಆ ಗಿರಣಿಯ ಯಜಮಾನರು ಒಳ್ಳೆಯವರೆಂದು ಹೆಸರಾದವರು. ಇತರ ವಿಭಾಗಗಳಲ್ಲಿ ವರ್ಷಕ್ಕೆ ನೂರಕ್ಕೆ ಐದಾರು ಜನ ಬಿಟ್ಟು ಹೋದರೆ ಹೆಚ್ಚು. ಆದರೆ ನೂಲುವ ವಿಭಾಗವೊಂದರಲ್ಲಿ ಮಾತ್ರ ನಲವತ್ತು ಜನರನ್ನು ಉಳಿಸಿಕೊಳ್ಳಬೇಕಾದರೆ ವರ್ಷಕ್ಕೆ ನೂರು ಜನರನ್ನು ಸೇರಿಸಿಕೊಳ್ಳಬೇಕಾಗಿತ್ತು. ಇದನ್ನು ಸರಿಪಡಿಸಲು ದಕ್ಷತೆಯ ತಜ್ಞರು ಬಂದು, ಒಂದರ ಮೇಲೊಂದರಂತೆ ನಾಲ್ಕು ಬಗೆಯ ಬಹುಮಾನದ ಯೋಜನೆಗಳನ್ನು ಹೂಡಿದರು. ಏನೂ ಪ್ರಯೋಜನವಾಗಲಿಲ್ಲ. ಗೊತ್ತಾದ ಪ್ರಮಾಣವನ್ನು ಮೀರಿ ನೂತವರಿಗೆ ಹೆಚ್ಚು ಹಣವೆಂದು ಸಾರಿದ್ದರೂ ಆ ಹಣವನ್ನು ಆ ವಿಭಾಗದವರು ಒಮ್ಮೆಯೂ ಗಳಿಸಿರಲಿಲ್ಲ.

ಆಗ ಎಲ್ಟನ್ ಮೇಯೊ ಎಂಬ ಪ್ರಾಧ್ಯಾಪಕರು ಅಲ್ಲಿಗೆ ಹೋಗಿ ನೋಡಿದರು. ಕೆಲಸಗಾರನು ಯಂತ್ರಗಳ ನಡುವಣ ಉದ್ದನೆಯ ಓಣಿಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತ, ಕಡಿದ ಎಳೆಗಳನ್ನು ಗಂಟು ಹಾಕುತ್ತಿರಬೇಕು. ಯಂತ್ರದ ಸದ್ದು, ಪಕ್ಕದವನೊಡನೆ ಮಾತಿಲ್ಲ, ಕಾಲುನೋವು, ಸಂಜೆಗೆ ಮನೆಗೆ ಹೋದರೆ ಊಟಕ್ಕಿಂತ ಹಾಸಿಗೆಯೇ ಬೇಕು. ಒಬ್ಬ ದಾದಿಯನ್ನು ಅಲ್ಲಿ ನೇಮಿಸಲಾಗಿತ್ತು. ಅವಳೊಡನೆ ಅವರು ಮನಸ್ಸು ಬಿಚ್ಚಿ ಮಾತನಾಡತೊಡಗಿದರು. ಬೆಳಗ್ಗೆ ಎರಡು ಸಲ, ಮಧ್ಯಾಹ್ನ ಎರಡು ಸಲ ಹತ್ತು ಹತ್ತು ನಿಮಿಷ ಮಲಗಿ ವಿಶ್ರಮಿಸುವ ಪದ್ಧತಿಯನ್ನು ಮೊದಲು ಮೂರನೆಯ ಒಂದು ಭಾಗದವರಿಗೆ ಏರ್ಪಡಿಸಿದರು. ಮಂಕು ಕಳೆಯಿತು, ಉತ್ಪತ್ತಿ ಏರಿತು, ಬಿಟ್ಟು ಹೋಗುವುದು ನಿಂತಿತು. ವಿಶ್ರಾಂತಿಯಿಲ್ಲದ ಉಳಿದವರಲ್ಲಿಯೂ ಉತ್ಸಾಹ ಕಂಡಿತೆಂಬುದು ಗಮನಿಸತಕ್ಕ ವಿಷಯ.

ಸ್ವಲ್ಪ ಕಾಲದ ಮೇಲೆ ಮಾಲಿಗೆ ಅವಸರದ ಬೇಡಿಕೆ ಬಂದಿತು. ಈ ಮಲಗುವ ಆಟವನ್ನು ಮೊದಲೇ ಮೆಚ್ಚದಿದ್ದ ಮೇಲ್ವಿಚಾರಕರು ವಿಶ್ರಾಂತಿಯನ್ನು ನಿಲ್ಲಿಸಿಬಿಟ್ಟರು. ಕೆಲವೇ ದಿನಗಳಲ್ಲಿ ಹಳೆಯ ಬೇಸರ, ಹಳೆಯ ಗೈರುಹಾಜರಿ, ಹಳೆಯ ಉತ್ಪತ್ತಿ. ಯಜಮಾನರು ಹಿಂದೆ ಸೈನ್ಯದಲ್ಲಿದ್ದವರು. ವಿಷಯ ತಿಳಿದೊಡನೆ ತಾವೇ ಮುಂದೆ ನಿಂತು, ದಿನಕ್ಕೆ ನಾಲ್ಕು ಸಲ ಹತ್ತು ನಿಮಿಷ ಯಂತ್ರಗಳನ್ನೇ ನಿಲ್ಲಿಸಿರೆಂದು ಅಪ್ಪಣೆಮಾಡಿದರು. ಕಳೆದ ನಲವತ್ತು ನಿಮಿಷವನ್ನು ಯಾವ ಯಂತ್ರವೂ ಹಿಂದಕ್ಕೆ ತರಲಾರದೆಂದು ಬಲ್ಲವರು ಹೇಳಿದರು. ಉತ್ಪತ್ತಿ ಏರಿತು, ಆ ಬಹುಮಾನದ ಹಣ ಮೊದಲ ಬಾರಿಗೆ ಅವರ ಕೈಸೇರಿತು. ಮುಂದೆ ಯಂತ್ರಗಳನ್ನು ನಿಲ್ಲಿಸದೆ ಸರದಿಯ ಮೇಲೆ ವಿಶ್ರಮಿಸುವಂತಾಯಿತು. ಯಾರು ಯಾವಾಗ ಮಲಗಬೇಕೆಂಬುದನ್ನು ಗೊತ್ತುಮಾಡಿದವರು ಮೇಸ್ತ್ರಿಗಳಲ್ಲ, ಆಯಾ ಓಣಿಯ ಕೆಲಸಗಾರರೇ ತಮ್ಮೊಳಗೆ ಮಾತನಾಡಿಕೊಂಡು. ಬಿಟ್ಟು ಹೋಗುವವರ ಪ್ರಮಾಣ ಇತರ ವಿಭಾಗಗಳ ಮಟ್ಟಕ್ಕೆ ಇಳಿಯಿತು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆಯಾಸ ಕಳೆದುದೇ ಇದಕ್ಕೆಲ್ಲ ಕಾರಣವೆಂದು ಮೇಯೊ ಅವರು ಮೊದಲು ಬರೆದರು. ಸುಮಾರು ಇಪ್ಪತ್ತು ವರ್ಷಗಳ ಮೇಲೆ, 1945ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಅದೇ ಪ್ರಸಂಗವನ್ನು ಮರಳಿ ನೋಡಿ ಅಭಿಪ್ರಾಯವನ್ನು ತಿದ್ದಿಕೊಂಡರು. ವಿಶ್ರಾಂತಿಗಿಂತ ಮುಖ್ಯವಾದದ್ದು, ಒಂಟಿಯಾಗಿ ನಡೆದಾಡುತ್ತಿದ್ದವರು ಒಂದು ಬಳಗವಾದದ್ದು, ಅವರ ಮಾತಿಗೆ ಯಜಮಾನರು ಬೆಲೆ ಕೊಟ್ಟದ್ದು. ನಮ್ಮ ಅಭಿಪ್ರಾಯದಲ್ಲಿ ಇವೆರಡನ್ನೂ ಬೇರ್ಪಡಿಸಬೇಕಾಗಿಲ್ಲ. ನೋಯುವ ಕಾಲಿಗೆ ಹತ್ತು ನಿಮಿಷ ಬೇಕೇ ಬೇಕು. ಆದರೆ ಆ ಹತ್ತು ನಿಮಿಷ ಯಾವುದೆಂದು ತಾನೇ ಗೊತ್ತುಮಾಡಿದವನು ತನ್ನ ದಿನದ ಒಂದು ಚೂರನ್ನಾದರೂ ತನ್ನದೆಂದು ಕರೆಯಬಲ್ಲನು. ಫೋರ್ಡರ ಐದು ಡಾಲರು ಕೊಡದೆ ಹೋದದ್ದು ಇದನ್ನೇ.

ಮಾತನ್ನು ಕೇಳುವುದೂ ಒಂದು ಉಪಚಾರವಾಗಿಬಿಡುವ ಅಪಾಯವುಂಟು. ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಿಂದ 1930ರ ವರೆಗೆ ಸುಮಾರು ಇಪ್ಪತ್ತೊಂದು ಸಾವಿರ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡಿಸಿದರು. ಮೊದಲು ಸಿದ್ಧವಾದ ಪ್ರಶ್ನೆಗಳಿದ್ದವು. ಆಮೇಲೆ ಅವನ್ನು ಬಿಟ್ಟು, ಹೇಳುವವರು ಹೇಳಿದ್ದನ್ನು ಕೇಳುವುದೇ ವಾಡಿಕೆಯಾಯಿತು. ಅರ್ಧ ಗಂಟೆಯ ಮಾತು ಒಂದು ಗಂಟೆಗೂ ಮೀರಿ ಬೆಳೆಯಿತು. ಮನಸ್ಸು ಹಗುರವಾಯಿತೆಂದು ಹಲವರು ಹೇಳಿದರಂತೆ. ಅಷ್ಟರಲ್ಲಿ ಆರ್ಥಿಕ ಮುಗ್ಗಟ್ಟು ಬಂದು, ಹಾಗೆ ಮನಸ್ಸು ಬಿಚ್ಚಿದವರ ಕಾರ್ಖಾನೆಯಲ್ಲಿಯೇ ಸಾವಿರಾರು ಜನ ಕೆಲಸ ಕಳೆದುಕೊಂಡರು. ಕಿವಿಗೊಡುವ ಯಜಮಾನನಿಗೆ ಕೈಯೂ ಇರಬೇಕಾಗುತ್ತದೆ.

ಈಚಿನ ಕಚೇರಿಗಳಲ್ಲಿ ಒಂದು ಪದ್ಧತಿಯಿದೆ. ರಾಜೀನಾಮೆ ಕೊಟ್ಟವನನ್ನು ಕಡೆಯ ವಾರದಲ್ಲಿ ಕರೆದು, ಏಕೆ ಹೋಗುತ್ತೀರೆಂದು ಬಹು ಮರ್ಯಾದೆಯಿಂದ ಕೇಳುವರು. ಅವನು ಮುಂದಿನ ಕೆಲಸಕ್ಕೆ ಬೇಕಾದ ಯೋಗ್ಯತಾಪತ್ರವನ್ನು ನೆನೆದು, ಸಂಬಳ ಹೆಚ್ಚು ಸಿಕ್ಕಿತು, ಮನೆ ಹತ್ತಿರವಾಯಿತು ಎಂದು ಯಾರಿಗೂ ನೋವಾಗದ ಕಾರಣವನ್ನು ಹೇಳಿ ಕೈಮುಗಿಯುವನು. ಅದನ್ನು ಬರೆದಿಟ್ಟುಕೊಂಡು ಸಂಬಳವೇ ಕಾರಣವೆಂದು ವರದಿ ಸಿದ್ಧವಾಗುತ್ತದೆ. ಅದೇ ಪ್ರಶ್ನೆಯನ್ನು ಅವನು ಸೇರಿದ ಆರನೆಯ ತಿಂಗಳಲ್ಲಿ, ಅವನ ನೇರ ಮೇಲಧಿಕಾರಿಯಲ್ಲದ ಬೇರೊಬ್ಬರು ಕೇಳಬಾರದೇಕೆ? ದಿನದ ಯಾವ ಭಾಗ ಭಾರವಾಗಿದೆ, ಯಾವುದನ್ನು ನಿಮ್ಮ ಕೈಗೆ ಬಿಟ್ಟರೆ ಹಗುರವಾದೀತು ಎಂದು ವಿಚಾರಿಸಿ, ಒಂದು ತಿಂಗಳೊಳಗೆ, ಇಂಥದನ್ನು ಮಾಡಿದೆವು, ಇಂಥದನ್ನು ಈ ಕಾರಣದಿಂದ ಮಾಡಲಾಗಲಿಲ್ಲ ಎಂದು ಅವನಿಗೆ ತಿಳಿಸುವುದಕ್ಕೆ ಹೊಸ ಇಲಾಖೆಯಾಗಲಿ ಹೆಚ್ಚಿನ ಹಣವಾಗಲಿ ಬೇಕಾಗುವುದಿಲ್ಲ.