ಚೆಕ್ ಬೇರೆ, ಚೆಕ್‌ಮೇಟ್ ಬೇರೆ

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆ ನಡೆದು ಬಂದ ಐವತ್ತು ವರ್ಷಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಆಗಲೇ ಮಾತಾಡಿದ್ದಾರೆ. ಮಕ್ಕಳಿಗೆ ಉಪಯೋಗವಾಗುವಂತೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕೇಳಿದ್ದಾರೆ. ನನಗೆ ಅಷ್ಟಿಷ್ಟು ಗೊತ್ತಿರುವುದು ಚದುರಂಗ. ಹೊಸದಾಗಿ ಆಡುವ ಮಕ್ಕಳು ಹೆಚ್ಚಾಗಿ ಎಡವುವ ಒಂದು ಜಾಗ ಅದರಲ್ಲಿದೆ. ಅದನ್ನೇ ಹೇಳುತ್ತೇನೆ.

ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಚೆಸ್ ಆಡುವ ಕೋಣೆಗೆ ಹೋಗಿ ನೋಡಿ. ಒಬ್ಬ ಹುಡುಗ ಮಂತ್ರಿಯನ್ನು ಟಪ್ಪೆಂದು ಇಟ್ಟು, "ಚೆಕ್! ಆತು ನಿಂದು" ಅನ್ನುತ್ತಾನೆ. ಎದುರಿನವನು ಹಲಗೆಯನ್ನು ನೋಡುವುದಿಲ್ಲ, ಅವನ ಮುಖ ನೋಡುತ್ತಾನೆ. ಆ ಮುಖದಲ್ಲಿ ಗೆದ್ದ ಕಳೆ ಇರುತ್ತದೆ. ಸುತ್ತ ನಿಂತವರೂ "ಹೋತು, ಹೋತು" ಅನ್ನುತ್ತಾರೆ. ಇವನು ತನ್ನ ರಾಜನನ್ನು ಮಲಗಿಸಿ ಎದ್ದುಬಿಡುತ್ತಾನೆ. ಆಮೇಲೆ ಯಾರಾದರೂ ಹಲಗೆಯನ್ನು ಸರಿಯಾಗಿ ನೋಡಿದರೆ, ಆ ರಾಜನ ಪಕ್ಕದಲ್ಲೇ ಒಂದು ಮನೆ ಖಾಲಿ ಇರುತ್ತದೆ.

ಚೆಕ್ ಎಂದರೆ ರಾಜನ ಮೇಲೆ ದಾಳಿ ಬಂದಿದೆ ಎಂದಷ್ಟೇ ಅರ್ಥ. ಮರಾಠಿಯಲ್ಲಿ ಇದನ್ನು ಈಗಲೂ ಶಹ ಅನ್ನುತ್ತಾರೆ. ಪಾರಸಿಯಲ್ಲಿ ಷಾಹ್ ಎಂದರೆ ರಾಜ. ಚೆಕ್‌ಮೇಟ್ ಎಂಬ ಮಾತೂ ಪಾರಸಿಯ ಷಾಹ್ ಮಾತ್ ಎಂಬುದರಿಂದಲೇ ಬಂದದ್ದು. ರಾಜ ಸತ್ತ ಎಂದು ಹಲವರು ಅರ್ಥ ಹೇಳುತ್ತಾರೆ. ರಾಜನಿಗೆ ದಾರಿ ಉಳಿದಿಲ್ಲ ಎಂಬ ಅರ್ಥವೇ ಆಟಕ್ಕೆ ಹೆಚ್ಚು ಒಪ್ಪುತ್ತದೆ. ಏಕೆಂದರೆ ಈ ಆಟದಲ್ಲಿ ರಾಜನನ್ನು ಯಾರೂ ಹೊಡೆದು ಹಲಗೆಯಿಂದ ಆಚೆ ಇಡುವುದಿಲ್ಲ. ದಾರಿ ಇದೆಯೋ ಇಲ್ಲವೋ ಎಂಬುದರ ಮೇಲೇ ಆಟ ನಿಲ್ಲುತ್ತದೆ.

ಮಕ್ಕಳೆ, ಚೆಕ್ ಬಂದಾಗ ಮೂರು ದಾರಿ ಹುಡುಕಬೇಕು. ಒಂದು, ರಾಜನನ್ನು ದಾಳಿಯಿಲ್ಲದ ಮನೆಗೆ ಸರಿಸುವುದು. ಎರಡು, ನಡುವೆ ನಿಮ್ಮ ಒಂದು ಕಾಯಿ ತಂದು ಅಡ್ಡ ಹಾಕುವುದು. ಮೂರು, ಚೆಕ್ ಕೊಟ್ಟ ಕಾಯಿಯನ್ನೇ ಹೊಡೆಯುವುದು. ಕುದುರೆ ಕೊಟ್ಟ ಚೆಕ್ಕಿಗೆ ಅಡ್ಡ ಹಾಕಲು ಬರುವುದಿಲ್ಲ, ಅದು ಹಾರಿ ಬರುತ್ತದೆ. ಎರಡು ಕಾಯಿ ಒಟ್ಟಿಗೆ ಚೆಕ್ ಕೊಟ್ಟರೆ ರಾಜನೇ ಸರಿಯಬೇಕು. ಮೂರೂ ದಾರಿ ಮುಚ್ಚಿದ್ದರೆ ಮಾತ್ರ ಅದು ಮೇಟ್.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ರಾಜ ಹಿಂದಿನ ಸಾಲಿನ ಮೂಲೆಯಲ್ಲಿದ್ದಾನೆ, ಅವನ ಮುಂದೆ ಮೂರು ಕಾಲಾಳು ಗೋಡೆಯಂತೆ ನಿಂತಿದ್ದಾವೆ. ಎದುರಾಳಿಯ ಆನೆ ಅದೇ ಹಿಂದಿನ ಸಾಲಿಗೆ ಬಂದು ಚೆಕ್ ಕೊಟ್ಟಿತು. ನೋಡಿದವರೆಲ್ಲ ಮೇಟ್ ಅನ್ನುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ದೂರದಲ್ಲಿರುವ ನಿಮ್ಮ ಒಂಟೆ ನಡುವಿನ ಮನೆಗೆ ಬರಬಹುದೇ? ನಿಮ್ಮ ಆನೆ ಆ ಆನೆಯನ್ನು ಹೊಡೆಯಬಹುದೇ? ಹುಡುಕಲು ಅರ್ಧ ನಿಮಿಷ ಸಾಕು.

ಇದರ ಇನ್ನೊಂದು ಮಗ್ಗುಲೂ ಇದೆ. ನಮ್ಮ ಹಳ್ಳಿಗಳಲ್ಲಿ ಕಟ್ಟೆಯ ಕಲ್ಲಿನ ಮೇಲೆ ಗೆರೆ ಎಳೆದು ಹುಲಿ-ಕುರಿ ಆಡುತ್ತಿದ್ದರು. ಹುಲಿಗೆ ಎತ್ತಲೂ ಸರಿಯಲು ಜಾಗವಿಲ್ಲದಂತೆ ಕಟ್ಟಿಹಾಕಿದರೆ ಕುರಿಗಳು ಗೆದ್ದಂತೆ. ಚದುರಂಗದಲ್ಲಿ ಹಾಗಲ್ಲ. ಚೆಕ್ ಇಲ್ಲದೆ, ಆಡಲು ಯಾವ ನಡೆಯೂ ಇಲ್ಲದೆ ಸಿಕ್ಕಿಕೊಂಡರೆ ಅದು ಸ್ಟೇಲ್‌ಮೇಟ್, ಆಟ ಸಮ. ಗೆದ್ದೇಬಿಟ್ಟೆ ಎಂದು ಅವಸರ ಮಾಡಿದವನಿಗೆ ಅರ್ಧ ಅಂಕವೇ ಸಿಗುತ್ತದೆ. ಅದಕ್ಕೇ ದಾರಿ ಎಣಿಸುವ ಕೆಲಸ ಸೋಲುವವನಿಗೆ ಎಷ್ಟೋ ಗೆಲ್ಲುವವನಿಗೂ ಅಷ್ಟೇ.

ಹುಡುಗರು ಬಿಡಿ, ಹೆಸರಾಂತ ಆಟಗಾರರೂ ಇಲ್ಲಿ ಎಡವಿದ್ದಾರೆ. 1902ರಲ್ಲಿ ಮಾಂಟೆ ಕಾರ್ಲೊದಲ್ಲಿ ಗಿಯೋರ್ಗ್ ಮಾರ್ಕೊ ಎಂಬ ಆಟಗಾರ, ತನ್ನ ಒಂಟೆ ಉಳಿಯುವುದಿಲ್ಲವೆಂದು ತಿಳಿದು ಆಟ ಬಿಟ್ಟುಕೊಟ್ಟ. ಅದೇ ಒಂಟೆಯನ್ನು ಸರಿಯಾದ ಮನೆಗೆ ಸರಿಸಿದ್ದರೆ ಆ ಆಟ ಅವನದೇ ಆಗುತ್ತಿತ್ತು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರಿನ ಎದುರು ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಎರಡನೇ ಆಟವನ್ನು ಬಿಟ್ಟುಕೊಟ್ಟರು. ಮೇಲಿಂದ ಮೇಲೆ ಚೆಕ್ ಕೊಡುತ್ತ ಡ್ರಾ ಮಾಡಿಕೊಳ್ಳುವ ದಾರಿ ಅಲ್ಲಿತ್ತು ಎಂದು ವಿಶ್ಲೇಷಕರು ಆಮೇಲೆ ತೋರಿಸಿದರು. ಯಂತ್ರ ತಪ್ಪು ಮಾಡಲಾರದು ಎಂಬ ನಂಬಿಕೆ ಆ ದಾರಿಯನ್ನು ಮುಚ್ಚಿತ್ತು.

ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಒಂದು ನಿಯಮ ತಿಳಿದಿರಲಿ. ಸೋತೆ ಎಂದು ನೀವೇ ಒಪ್ಪಿಕೊಂಡ ಕ್ಷಣಕ್ಕೆ ಆಟ ಮುಗಿಯುತ್ತದೆ. ಆಮೇಲೆ ಖಾಲಿ ಮನೆ ತೋರಿಸಿದರೆ ಪ್ರಯೋಜನವಿಲ್ಲ. ಎದುರಿನವನು ಮೇಟ್ ಎಂದರೂ ಅನುಮಾನವಿದ್ದರೆ ಅವನ ಕೈ ಕುಲುಕಬೇಡಿ. ನಿಮ್ಮ ಕೈ ಎತ್ತಿ ತೀರ್ಪುಗಾರರನ್ನು ಕರೆಯಿರಿ.

ಇನ್ನು ದೊಡ್ಡವರಿಗೆ ಒಂದು ಮಾತು. ಹೈಸ್ಕೂಲಿನಲ್ಲಿ ಅತಿ ದೊಡ್ಡ ಚೆಕ್ ಎಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶ. ಒಂದು ವಿಷಯದಲ್ಲಿ ಮಗು ನಪಾಸಾದರೆ ಸಾಕು, ಮನೆಯಲ್ಲಿ ಆಟ ಮುಗಿಯಿತು ಅನ್ನುತ್ತೇವೆ. ಹುಡುಗನಾದರೆ ದುಡಿಯಲು ಪರಊರಿಗೆ ಕಳಿಸುತ್ತೇವೆ, ಹುಡುಗಿಯಾದರೆ ಗಂಡು ನೋಡಲು ಶುರು ಮಾಡುತ್ತೇವೆ. ಅಲ್ಲಿ ರಾಜನನ್ನು ಮಲಗಿಸುವುದು ಮಗುವಿನ ಕೈಯಲ್ಲ, ನಮ್ಮ ಕೈ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಇದು ಗೊತ್ತಿಲ್ಲದೆಯೋ ನಾಚಿಕೆಯಿಂದಲೋ ಶಾಲೆಯ ಕಡೆ ತಲೆಹಾಕದ ಮಕ್ಕಳಿದ್ದಾರೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಫಲಿತಾಂಶ ಬಂದ ವಾರ ನಪಾಸಾದ ಮಕ್ಕಳ ಮನೆಗೆ ಹೋಗಿ. ತಂದೆತಾಯಿಯ ಜೊತೆ ಕೂತು ಮಾತಾಡಿ. ಮಗುವನ್ನು ಶಾಲೆಗೆ ಕರೆತಂದು ಮುಂದಿನ ಪರೀಕ್ಷೆಯ ಅರ್ಜಿ ತುಂಬಿಸಿ. ಗಣಿತ ಬಲ್ಲವರು ಹದಿನೈದು ದಿನ ಗಣಿತ ಹೇಳಿಕೊಡಿ.

ಎಲ್ಲ ಚೆಕ್ಕಿಗೂ ಉತ್ತರ ಇದ್ದೇ ಇರುತ್ತದೆ ಎಂದು ನಾನು ಹೇಳುವುದಿಲ್ಲ. ಮೇಟ್ ಆಗುವುದೂ ಉಂಟು. ನಿಜವಾಗಿ ಆಗಿದ್ದರೆ ಎದುರಿನವನಿಗೆ ಕೈ ಕೊಟ್ಟು, ಕಾಯಿ ಜೋಡಿಸಿ, ಹೊಸ ಆಟ ಹೂಡಬೇಕು. ಆದರೆ ಅದನ್ನು ಹಲಗೆ ನೋಡಿ ತೀರ್ಮಾನಿಸಬೇಕು, ಕೂಗಿದವನ ದನಿ ಕೇಳಿ ಅಲ್ಲ.

 ಈ ಶಾಲೆ ನೂರು ವರ್ಷ ಪೂರೈಸಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.